ಕುಂಡದ ಗಿಡ ಚಿಕಾಗೊ ಚಳಿ ದಾಟಬೇಕಾದರೆ

ಪ್ರಶ್ನೆ: ನಾವು ಚಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ ಒಂದು ಟೌನ್‌ಹೌಸ್‌ನಲ್ಲಿದ್ದೇವೆ. ನೆಲದಲ್ಲಿ ನೆಡಲು ಹೆಚ್ಚು ಜಾಗವಿಲ್ಲ, ಹಿಂದಿನ ಡೆಕ್ (ಮರದ ಹಲಗೆಯ ಜಗಲಿ) ಮೇಲೆ ಎಲ್ಲವನ್ನೂ ಕುಂಡಗಳಲ್ಲೇ ಬೆಳೆಸುತ್ತೇನೆ. ಎಲೆಯ ಅಂದಕ್ಕೆ ಬೆಳೆಸುವ ಹೋಸ್ಟಾ, ಲ್ಯಾವೆಂಡರ್, ಗೊಂಚಲು ಹೂವಿನ ಹೈಡ್ರೇಂಜಿಯ, ಒಂದು ಗುಲಾಬಿ, ದಪ್ಪ ಎಲೆಯ ಸೀಡಮ್. ಎಲ್ಲದರ ಚೀಟಿಯ ಮೇಲೂ ‘ಜೋನ್ 5’ (ಗಿಡ ತಾಳುವ ಚಳಿಯ ಅಳತೆ; ಅಂಕಿ ಇಳಿದಷ್ಟೂ ಚಳಿ ಹೆಚ್ಚು) ಎಂದೇ ಇತ್ತು. ಕಳೆದ ಚಳಿಗಾಲಕ್ಕೆ ಮುಂಚೆ ಕುಂಡಗಳಿಗೆಲ್ಲ ಬಬಲ್ ರ‍್ಯಾಪ್ ಸುತ್ತಿದ್ದೆ. ಆದರೂ ಸೀಡಮ್ ಒಂದು ಬಿಟ್ಟು ಉಳಿದವೆಲ್ಲ ಹೋದವು. ಗುಲಾಬಿಯಂತೂ ಏಪ್ರಿಲ್‌ನಲ್ಲಿ ಚಿಗುರಿ, ಮೇ ತಿಂಗಳಲ್ಲಿ ಒಣಗಿತು. ಪಕ್ಕದ ಮನೆಯವರು ನೆಲದಲ್ಲಿ ನೆಟ್ಟಿದ್ದ ಅದೇ ಜಾತಿಯ ಹೋಸ್ಟಾಕ್ಕೆ ಏನೂ ಆಗಿಲ್ಲ. ಈ ವರ್ಷ ಮತ್ತೆ ಗಿಡ ತಂದಿದ್ದೇನೆ. ಮನೆಯೊಳಗೆ ತರಬೇಕೇ, ಗ್ಯಾರೇಜಿನಲ್ಲಿ ಇಡಬೇಕೇ, ಚಳಿಗಾಲದಲ್ಲಿ ನೀರು ಹಾಕಬೇಕೇ? ಮಲ್ಲಿಗೆ, ಕರಿಬೇವನ್ನೂ ಅವುಗಳ ಜೊತೆಗೇ ಇಡಬಹುದೇ?

ಉತ್ತರ: ಗುಲಾಬಿ ಏಪ್ರಿಲ್‌ನಲ್ಲಿ ಚಿಗುರಿ ಮೇನಲ್ಲಿ ಒಣಗಿತು ಎಂದು ಬರೆದಿದ್ದೀರಿ. ಏನಾಯಿತು ಎಂಬುದು ಆ ಒಂದು ವಾಕ್ಯದಲ್ಲೇ ಇದೆ. ಚಳಿಗೆ ಸತ್ತದ್ದು ಗಿಡದ ಮೇಲಿನ ಭಾಗವಲ್ಲ, ಬೇರು. ಕಾಂಡ ಜೀವಂತವಾಗಿಯೇ ಇತ್ತು. ಹಿಂದಿನ ಬೇಸಿಗೆಯಲ್ಲಿ ಅದು ಕೂಡಿಟ್ಟುಕೊಂಡಿದ್ದ ಆಹಾರದ ಬಲದಿಂದ ಮೊಗ್ಗು ಒಡೆದು ಚಿಗುರು ಬಂತು. ಆ ದಾಸ್ತಾನು ಮುಗಿದ ಮೇಲೆ ಎಲೆಗೆ ನೀರು ಒದಗಿಸಲು ಕೆಳಗೆ ಬೇರೇ ಇರಲಿಲ್ಲ. ಆ ಕುಂಡವನ್ನು ಇನ್ನೂ ಬಿಸಾಡಿಲ್ಲವಾದರೆ ಬೋರಲು ಹಾಕಿ, ಮಣ್ಣಿನ ಹೆಂಟೆಯನ್ನು ಹೊರಗೆ ತೆಗೆದು ನೋಡಿ. ಜೀವವಿರುವ ಬೇರು ಬಿಳಿಯಾಗಿ ಅಥವಾ ತಿಳಿ ಕಂದಾಗಿ ಗಟ್ಟಿಯಾಗಿರುತ್ತದೆ. ಸತ್ತ ಬೇರು ಕಪ್ಪಗಾಗಿರುತ್ತದೆ. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಹೆಂಟೆಯ ಹೊರಮೈಯಲ್ಲಿ, ಅಂದರೆ ಕುಂಡದ ಗೋಡೆಗೆ ತಾಗಿಕೊಂಡಿದ್ದ ಕಡೆ, ಎಲ್ಲ ಬೇರೂ ಹೀಗಾಗಿದ್ದು ನಡುವಿನಲ್ಲಿ ಒಂದಿಷ್ಟು ಬಿಳಿ ಉಳಿದಿದ್ದರೆ ಕೊಂದದ್ದು ಚಳಿಯೇ ಎಂದು ತಿಳಿಯಿರಿ. ಚಳಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಎಳೆಯ ಬೇರುಗಳೆಲ್ಲ ಇರುವುದೂ ಅಲ್ಲೇ.

ಬೇರಿಗೆ ಕಾಂಡದಷ್ಟು ತಾಳಿಕೆ ಇಲ್ಲ. ನೆಲದೊಳಗಿನ ಬದುಕಿಗೆ ಅದು ಬೇಕಾಗಿಯೂ ಇರಲಿಲ್ಲ. ಇಲಿನಾಯ್ ಕಡೆ ಗಾಳಿ -20 ಡಿಗ್ರಿ ಸೆಲ್ಸಿಯಸ್ ಇರುವ ದಿನ, ಮೇಲೆ ಒಂದು ಪದರ ಹಿಮ ಬಿದ್ದಿದ್ದರೆ, ನೆಲದೊಳಗೆ ಬೇರಿನ ಮಟ್ಟದಲ್ಲಿ ಸೊನ್ನೆಯ ಆಸುಪಾಸು, ಹೆಚ್ಚೆಂದರೆ ಕೆಲವು ಡಿಗ್ರಿ ಕೆಳಗೆ ಇರುತ್ತದೆ. ಅಲ್ಲಿ ಹುಟ್ಟಿ ಬೆಳೆದ ಬೇರಿಗೆ -20 ಗೊತ್ತೇ ಇಲ್ಲ. ಕುಂಡದಲ್ಲಿಟ್ಟು ಡೆಕ್ ಮೇಲೆ ಏರಿಸಿದಾಗ ಅದೇ ಬೇರಿಗೆ ಎಲ್ಲ ಮಗ್ಗುಲಿನಿಂದಲೂ, ಅಡಿಯಿಂದಲೂ, ಗಾಳಿಯ ಚಳಿಯೇ ನೇರವಾಗಿ ತಾಗುತ್ತದೆ. ಸ್ಟಾರ್ ಮ್ಯಾಗ್ನೋಲಿಯ ಎಂಬ ಗಿಡದ ಕೊಂಬೆ ನಿಮ್ಮ ಕಡೆಯ ಚಳಿಗೆ ಜಗ್ಗುವುದಿಲ್ಲ, ಆದರೆ ಅದರ ಎಳೆಯ ಬೇರು ಸುಮಾರು -5 ಡಿಗ್ರಿಗೇ ಸಾಯುತ್ತದೆ. ಬಾಕ್ಸ್‌ವುಡ್ ಎಂಬ ನಿತ್ಯಹಸಿರು ಪೊದೆಯ ಬೇರು -9ರ ಹತ್ತಿರ ಸೋಲುತ್ತದೆ. ಇನ್ನು ಕೆಲವು, ಉದಾಹರಣೆಗೆ ಪಿಜೆಎಂ ಎಂಬ ತಳಿಯ ರೋಡೋಡೆಂಡ್ರಾನ್ ಹೂಗಿಡ, -20ನ್ನೂ ತಡೆದುಕೊಳ್ಳುತ್ತವೆ. ನಿಮ್ಮ ಸೀಡಮ್ ಉಳಿದದ್ದು ಈ ಗಟ್ಟಿ ಗುಂಪಿಗೆ ಸೇರಿದ ಕಾರಣಕ್ಕೆ.

ಚೀಟಿ ಸುಳ್ಳು ಹೇಳಿಲ್ಲ, ಆದರೆ ಅದು ಹೇಳುವುದು ನೆಲದಲ್ಲಿ ನೆಟ್ಟ ಗಿಡದ ಮಾತು. ಅಮೆರಿಕದ ಕೃಷಿ ಇಲಾಖೆಯ ಜೋನ್ ನಕ್ಷೆ ದೇಶವನ್ನು 13 ವಲಯಗಳಾಗಿ ವಿಂಗಡಿಸುತ್ತದೆ. ಈಗ ಬಳಕೆಯಲ್ಲಿರುವುದು 2023ರಲ್ಲಿ ಪರಿಷ್ಕರಿಸಿದ ನಕ್ಷೆ. 1991ರಿಂದ 2020ರವರೆಗೆ ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶವನ್ನು ತೆಗೆದುಕೊಂಡು ಅದರ ಸರಾಸರಿಯ ಮೇಲೆ ಇದನ್ನು ಮಾಡಿದ್ದಾರೆ. ಜೋನ್ 5 ಎಂದರೆ -29ರಿಂದ -23 ಡಿಗ್ರಿ ಸೆಲ್ಸಿಯಸ್, ಅಂದರೆ -20ರಿಂದ -10 ಫ್ಯಾರನ್‌ಹೀಟ್. ಚಿಕಾಗೊ ಸುತ್ತಮುತ್ತ 5ಬಿ ಮತ್ತು 6ಎ ಎಂಬ ಉಪವಲಯಗಳು ಬರುತ್ತವೆ. ಇದು ಸರಾಸರಿ ಎಂಬುದನ್ನು ಮಾತ್ರ ಮರೆಯಬೇಡಿ. 2019ರ ಜನವರಿ 30ರಂದು ಚಿಕಾಗೊದಲ್ಲಿ -31 ಡಿಗ್ರಿ ಆಗಿತ್ತು. 1985ರ ಜನವರಿ 20ರಂದು ಅದಕ್ಕಿಂತಲೂ ಕೆಳಗೆ, -33ಕ್ಕೆ ಹೋಗಿತ್ತು. ಕುಂಡದ ಗಿಡಕ್ಕೆ ಇಲ್ಲಿನ ತೋಟಗಾರರು ಪಾಲಿಸುವ ಲೆಕ್ಕ ಸರಳ: ನಿಮ್ಮ ಜೋನ್‌ಗಿಂತ ಎರಡು ಜೋನ್ ಹೆಚ್ಚು ಚಳಿ ತಾಳುವ ಗಿಡ ಆರಿಸಿ. ನಿಮಗೆ ಅದು ಜೋನ್ 3, ಅಬ್ಬಬ್ಬಾ ಎಂದರೆ 4. ಜೋನ್ 5ರ ಗಿಡವನ್ನು ಕುಂಡದಲ್ಲಿ ಉಳಿಸಿಕೊಳ್ಳಬಹುದು, ಆದರೆ ಅದನ್ನು ಡೆಕ್ ಮೇಲೆ ಬಿಟ್ಟು ಅಲ್ಲ.

ಈಗ ಬಬಲ್ ರ‍್ಯಾಪ್ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ಪ್ರತಿ ಅಕ್ಟೋಬರ್‌ನಲ್ಲೂ ಜನ ಇದಕ್ಕೆ ದುಡ್ಡು ಸುರಿಯುತ್ತಾರೆ. ಕಂಬಳಿ ಮನುಷ್ಯನನ್ನು ಬೆಚ್ಚಗಿಡುವುದು ಅವನ ಮೈಯಲ್ಲಿ ಶಾಖ ಹುಟ್ಟುತ್ತದೆ ಎಂಬ ಕಾರಣಕ್ಕೆ; ಬಂಡೆಗೆ ಕಂಬಳಿ ಹೊದಿಸಿದರೆ ಬಂಡೆ ಬೆಚ್ಚಗಾಗುವುದಿಲ್ಲ. ಚಳಿಗಾಲದಲ್ಲಿ ಮಲಗಿದ ಗಿಡ ಶಾಖ ಉತ್ಪಾದಿಸುವುದಿಲ್ಲ. ಸುತ್ತುವ ಬಟ್ಟೆ, ಫೋಮ್, ಬಬಲ್ ರ‍್ಯಾಪ್ ಎಲ್ಲವೂ ಕುಂಡ ತಣ್ಣಗಾಗುವುದನ್ನು ತಡಮಾಡುತ್ತವೆ, ಅಷ್ಟೆ. ಒಂದು ರಾತ್ರಿಯ ಚಳಿಗೆ ಅದು ಸಾಕು. ಐದಾರು ದಿನ ಬಿಡದೆ -18 ಇದ್ದರೆ, ಸುತ್ತಿದ ಕುಂಡವೂ ಸುತ್ತದ ಕುಂಡವೂ ಕೊನೆಗೆ ಒಂದೇ ಮಟ್ಟಕ್ಕೆ ಇಳಿಯುತ್ತವೆ. ಚಿಕಾಗೊದ ಕಡು ಚಳಿ ಒಂದೇ ರಾತ್ರಿಗೆ ಮುಗಿಯುವುದಿಲ್ಲ, ದಿನಗಟ್ಟಲೆ ನಿಲ್ಲುವುದುಂಟು.

ಹಾಗಾದರೆ ಶಾಖ ಎಲ್ಲಿಂದ ಬರಬೇಕು? ನೆಲದಿಂದ. ಬೇಸಿಗೆಯಿಡೀ ಭೂಮಿ ಕುಡಿದ ಬಿಸಿಲು ಚಳಿಗಾಲದುದ್ದಕ್ಕೂ ಕೆಳಗಿನಿಂದ ನಿಧಾನವಾಗಿ ಮೇಲೆ ಬರುತ್ತಿರುತ್ತದೆ. ಕುಂಡದ ಅಡಿ ನೆಲಕ್ಕೆ ತಾಗಿದ್ದು, ಮೇಲೆ ಮತ್ತು ಸುತ್ತ ಹೊದಿಕೆ ಇದ್ದರೆ, ಆಗ ಆ ಹೊದಿಕೆಗೆ ಅರ್ಥ ಬರುತ್ತದೆ. ಬರುವ ಶಾಖವನ್ನು ಅದು ಹಿಡಿದಿಡುತ್ತದೆ. ಡೆಕ್‌ನ ಹಲಗೆಯ ಕೆಳಗೆ ಗಾಳಿ ಓಡಾಡುತ್ತದೆ, ಹಾಗಾಗಿ ಅಲ್ಲಿ ಹಿಡಿದಿಡಲು ಏನೂ ಇಲ್ಲ. ಇಷ್ಟೂ ಪತ್ರದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ: ಕುಂಡಗಳನ್ನು ಡೆಕ್‌ನಿಂದ ಕೆಳಗಿಳಿಸಿ ಮಣ್ಣಿನ ಮೇಲೆ ಇಡಿ.

ಕೆಳಗಿಳಿಸುವ ಮುನ್ನ ಗಿಡ ತಯಾರಾಗಬೇಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರಷ್ಟು ಹಿಂದೆ. ಆ ಊರಿನ ತೋಟಗಾರಿಕೆಯಲ್ಲಿ ಪಳಗಿದ ಕೈಗೆ ಚಳಿ ಎಂದರೆ ಗಿಡಕ್ಕೆ ಶತ್ರು, ಬೇಗ ಒಳಗೆ ತರಬೇಕು ಎಂದೇ ಅನ್ನಿಸುತ್ತದೆ. ಹೋಸ್ಟಾ, ಹೈಡ್ರೇಂಜಿಯಗಳ ವಿಷಯದಲ್ಲಿ ಇದು ತಲೆಕೆಳಗು. ಇವುಗಳಿಗೆ ಚಳಿ ಬೇಕೇ ಬೇಕು. ಹಗಲು ಕಿರಿದಾಗುತ್ತಾ ರಾತ್ರಿ ತಣ್ಣಗಾಗುತ್ತಾ ಬಂದಂತೆ ಗಿಡ ಬೆಳವಣಿಗೆ ನಿಲ್ಲಿಸಿ, ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿಸಿಕೊಂಡು, ಮೆಲ್ಲಗೆ ಗಟ್ಟಿಯಾಗುತ್ತದೆ. ಅಕ್ಟೋಬರ್‌ನ ಮೊದಲ ಫ್ರಾಸ್ಟ್‌ಗೆ (ನೀರು ಹೆಪ್ಪುಗಟ್ಟುವ ರಾತ್ರಿಯ ಚಳಿಗೆ) ಹೆದರಿ ಒಳಗೆ ತಂದರೆ ಈ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. ಬೆಚ್ಚಗಿನ ಹಾಲ್‌ನಲ್ಲಿ ಹೋಸ್ಟಾ ಇಟ್ಟರೆ ಜನವರಿಯಲ್ಲಿ ಬಿಳಿಚಿಕೊಂಡ ಎಲೆ ಬಂದು, ಮುಂದಿನ ವರ್ಷಕ್ಕೆ ಗಿಡವೇ ಸೊರಗುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಮನೆಯೊಳಗೆ ತರಬೇಡಿ.

ಎಲೆಯೆಲ್ಲ ಉದುರುವ ತನಕ, ಹೋಸ್ಟಾ ಎಲೆ ಕೊಳೆತ ಬಾಳೆ ಎಲೆಯ ಬಣ್ಣಕ್ಕೆ ತಿರುಗಿ ಜೋಲು ಬೀಳುವ ತನಕ ಡೆಕ್ ಮೇಲೆಯೇ ಇರಲಿ. ನಿಮ್ಮ ಕಡೆ ಇದು ಸಾಮಾನ್ಯವಾಗಿ ನವೆಂಬರ್ ಮೂರನೇ, ನಾಲ್ಕನೇ ವಾರ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಈ ಕೆಲಸ ಇಟ್ಟುಕೊಳ್ಳಿ, ನೆನಪಿನಲ್ಲೂ ಉಳಿಯುತ್ತದೆ. ನಡುವೆ ಒಂದೇ ರಾತ್ರಿ -8, -10ಕ್ಕೆ ಇಳಿಯುವ ಸೂಚನೆ ಬಂದರೆ ಆ ರಾತ್ರಿಗೆ ಮಾತ್ರ ಗ್ಯಾರೇಜಿಗೆ ತಳ್ಳಿ, ಬೆಳಿಗ್ಗೆ ಹೊರಗಿಡಿ. ಆಗಸ್ಟ್ ಆರಂಭದ ನಂತರ ಗೊಬ್ಬರ ಹಾಕಲೇಬೇಡಿ, ಅದರಲ್ಲೂ ಸಾರಜನಕ ಹೆಚ್ಚಿರುವುದನ್ನು. ಅದು ಎಳೆ ಚಿಗುರು ತರಿಸುತ್ತದೆ, ಎಳೆ ಚಿಗುರು ಚಳಿಗೆ ನಿಲ್ಲುವುದಿಲ್ಲ. ಗುಲಾಬಿ, ಲ್ಯಾವೆಂಡರ್‌ಗೆ ಆ ಹೊತ್ತಿನಲ್ಲಿ ಕತ್ತರಿಯನ್ನೂ ತೋರಿಸಬೇಡಿ. ಸವರುವುದೇನಿದ್ದರೂ ವಸಂತದಲ್ಲಿ.

ಜಾಗದ ಮಾತಿಗೆ ಬರೋಣ. ಎಲ್ಲಕ್ಕಿಂತ ಒಳ್ಳೆಯದು ಕುಂಡವನ್ನೇ ನೆಲದಲ್ಲಿ ಹೂಳುವುದು. ಟೌನ್‌ಹೌಸ್ ಎಂದರೂ ಡೆಕ್ ಬುಡದಲ್ಲಿ, ಗೋಡೆಯ ಪಕ್ಕ ಎರಡು ಅಡಿ ಅಗಲದ ಒಂದು ಪಟ್ಟಿ ಮಣ್ಣು ಇದ್ದೇ ಇರುತ್ತದೆ. ಅಲ್ಲಿನ ನಿವಾಸಿಗಳ ಸಂಘದ ಅನುಮತಿ ಬೇಕಾದರೆ ಕೇಳಿ. ಬೇಸಿಗೆಯಲ್ಲಿ ಟೊಮೆಟೊ ಹಾಕಿದ್ದ ಮಡಿ ಖಾಲಿಯಾಗಿದ್ದರೆ ಇನ್ನೂ ಸರಿ. ಪ್ಲಾಸ್ಟಿಕ್ ಕುಂಡವನ್ನು ಅಂಚಿನವರೆಗೆ ಹೂಳಿ, ಸುತ್ತ ಮಣ್ಣು ಒತ್ತಿ, ಮೇಲಿನ ನೆಲ ಒಮ್ಮೆ ಹೆಪ್ಪುಗಟ್ಟಿದ ಮೇಲೆ ಒಂದು ಗೇಣಿನಷ್ಟು ಒಣ ಎಲೆಯೋ ಗೋಧಿ ಹುಲ್ಲೋ ಮುಚ್ಚಿ. ಹೆಪ್ಪುಗಟ್ಟಿದ ಮೇಲೆ ಎಂದು ಹೇಳಿದ್ದಕ್ಕೆ ಕಾರಣವಿದೆ. ಹೊದಿಕೆಯ ಕೆಲಸ ಗಿಡವನ್ನು ಬೆಚ್ಚಗಿಡುವುದಷ್ಟೇ ಅಲ್ಲ, ಒಂದೇ ಸಮನಾದ ತಂಪಿನಲ್ಲಿ ಇಡುವುದು. ಫೆಬ್ರವರಿಯಲ್ಲಿ ಎರಡು ದಿನ ಬಿಸಿಲು ಬಂದು ಮಣ್ಣು ಕರಗಿ, ಮೂರನೇ ರಾತ್ರಿ ಮತ್ತೆ ಗಡ್ಡೆಕಟ್ಟಿದರೆ, ಆ ಹಿಗ್ಗು ಕುಗ್ಗಿಗೆ ಗಿಡ ಬುಡಸಮೇತ ಮೇಲಕ್ಕೆದ್ದು ಬರುತ್ತದೆ. ಬೇರು ಹರಿಯುತ್ತದೆ, ಬುಡ ಗಾಳಿಗೆ ತೆರೆದುಕೊಳ್ಳುತ್ತದೆ. ಹ್ಯೂಕೆರಾದಂಥ ಮೇಲುಬೇರಿನ ಗಿಡಗಳಿಗೆ ಇದು ಹೆಚ್ಚು. ಹಾಗೆ ಎದ್ದುದನ್ನು ಕಂಡರೆ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಕೂರಿಸಿ.

ಅಗೆಯಲು ಆಗದು ಎಂದಾದರೆ ಎಲ್ಲ ಕುಂಡಗಳನ್ನೂ ನೆಲದ ಮೇಲೆ ಒಟ್ಟಿಗೆ, ಒಂದಕ್ಕೊಂದು ತಾಗುವಂತೆ ಜೋಡಿಸಿ. ಮನೆಯ ಉತ್ತರ ಅಥವಾ ಪೂರ್ವದ ಗೋಡೆಯ ಬುಡ ಆರಿಸಿ. ದಕ್ಷಿಣದ ಬಿಸಿಲು ಗೋಡೆ ನೋಡಲು ಬೆಚ್ಚಗಿದ್ದರೂ ಅದೇ ಕರಗಿ ಕಟ್ಟುವ ಕಾಟಕ್ಕೆ ಗುರಿ. ಕಪ್ಪು ಪ್ಲಾಸ್ಟಿಕ್ ಕುಂಡವಂತೂ ಅಲ್ಲಿ ಜನವರಿಯ ಮಧ್ಯಾಹ್ನದಲ್ಲೂ ಬಿಸಿಯಾಗುತ್ತದೆ. ಗಟ್ಟಿ ಗಿಡದ ದೊಡ್ಡ ಕುಂಡಗಳು ಹೊರಸುತ್ತಿನಲ್ಲಿ, ನಾಜೂಕಿನ ಸಣ್ಣವು ನಡುವೆ. ಸಂದಿಗೆಲ್ಲ ಒಣ ಎಲೆ ತುರುಕಿ. ಹೊರಗಡೆ ಎಲೆ ತುಂಬಿದ ಚೀಲಗಳನ್ನೇ ಗೋಡೆಯಂತೆ ನಿಲ್ಲಿಸಿ. ಎಲೆ ಎಲ್ಲಿಂದ ತರಲಿ ಎಂದು ಯೋಚಿಸಬೇಡಿ. ಇಲಿನಾಯ್‌ನಲ್ಲಿ 1990ರಿಂದ ತೋಟದ ಕಸವನ್ನು ಸಾಮಾನ್ಯ ಕಸದ ಗುಂಡಿಗೆ ಹಾಕುವಂತಿಲ್ಲ, ಅದಕ್ಕೇ ನವೆಂಬರ್‌ನಲ್ಲಿ ಬೀದಿಯ ಉದ್ದಕ್ಕೂ ಕಂದು ಕಾಗದದ ಚೀಲಗಳಲ್ಲಿ ಎಲೆ ತುಂಬಿ ಇಟ್ಟಿರುತ್ತಾರೆ. ನೆರೆಯವರನ್ನು ಒಂದು ಮಾತು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಓಕ್ ಎಲೆ ಸಿಕ್ಕರೆ ಬಿಡಬೇಡಿ, ಅದು ಬೇಗ ಕೊಳೆತು ಮುದ್ದೆಯಾಗುವುದಿಲ್ಲ. ಮೇಪಲ್ ಎಲೆಯಾದರೆ ಹುಲ್ಲು ಕತ್ತರಿಸುವ ಯಂತ್ರ ಹಾಯಿಸಿ ಪುಡಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒದ್ದೆ ಚಾಪೆಯಾಗಿ ಅಂಟಿಕೊಂಡು ಬುಡ ಕೊಳೆಸುತ್ತದೆ.

ಇವೆಲ್ಲದರ ಮೇಲೆ ಗೋಣಿತಾಟು ಹೊದಿಸಿ ಕಟ್ಟಿ. ಪ್ಲಾಸ್ಟಿಕ್ ಹಾಳೆ ಬೇಡ. ಬಿಸಿಲಿಗೆ ಒಳಗೆ ಕಾದು, ಬೆವರಿ, ಬೂಸ್ಟು ಬರುತ್ತದೆ. ಹಿಮ ಬಿದ್ದಾಗ ಓಣಿಯಿಂದ ಎತ್ತಿದ ಶುದ್ಧ ಹಿಮವನ್ನು ಈ ಗುಂಪಿನ ಮೇಲೆಯೇ ಸುರಿಯಿರಿ. ಹೊಸ ಹಿಮದಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಅದಕ್ಕಿಂತ ಒಳ್ಳೆಯ ಹೊದಿಕೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಉಪ್ಪು ಹಾಕಿ ಕರಗಿಸಿದ ದಾರಿಯ ಹಿಮ ಮಾತ್ರ ಬೇಡವೇ ಬೇಡ. ಇನ್ನೊಂದು ಎಚ್ಚರ: ಹುಲ್ಲು, ಎಲೆಯ ಬೆಚ್ಚನೆ ಗೂಡು ಇಲಿಗೂ, ಇಲ್ಲಿನ ವೋಲ್ ಎಂಬ ಮೋಟು ಬಾಲದ ಇಲಿಗೂ ಬಹಳ ಇಷ್ಟ. ಹೋಸ್ಟಾದ ಬುಡವನ್ನು ಅವು ಚಳಿಗಾಲದಲ್ಲಿ ಕೂತು ತಿನ್ನುತ್ತವೆ. ಅರ್ಧ ಅಂಗುಲಕ್ಕಿಂತ ಚಿಕ್ಕ ಕಣ್ಣಿನ ತಂತಿ ಬಲೆಯನ್ನು ಕುಂಡದ ಬಾಯಿಗೆ ಕಟ್ಟಿ, ಆಮೇಲೆ ಎಲೆ ಮುಚ್ಚಿ.

ಟೌನ್‌ಹೌಸ್ ಎಂದಿರಿ, ಮನೆಗೆ ಅಂಟಿಕೊಂಡ, ಹೀಟರ್ ಇಲ್ಲದ ಗ್ಯಾರೇಜು ಇರಬಹುದು. ಜೋನ್ 5ರ ಗಿಡಗಳಿಗೆ, ಮುಖ್ಯವಾಗಿ ನಿಮ್ಮ ಗುಲಾಬಿ ಮತ್ತು ಲ್ಯಾವೆಂಡರ್‌ಗೆ, ಅದೇ ಸರಿಯಾದ ಜಾಗ. ಬೇಕಾದ ಉಷ್ಣಾಂಶ -4ರಿಂದ 5 ಡಿಗ್ರಿಯ ನಡುವೆ. ಅದಕ್ಕಿಂತ ಕೆಳಗೆ ಹೋದರೆ ಬೇರಿಗೆ ಅಪಾಯ, 7ಕ್ಕಿಂತ ಮೇಲೆ ವಾರಗಟ್ಟಲೆ ನಿಂತರೆ ಗಿಡ ಎಚ್ಚರಗೊಂಡು ಚಿಗುರತೊಡಗುತ್ತದೆ. ಊಹೆಯ ಮೇಲೆ ನಡೆಯಬೇಡಿ. ವೈರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಂಡು, ಅದರ ಮೊನೆಯನ್ನು ಒಂದು ಕುಂಡದ ಮಣ್ಣಿನೊಳಗೆ, ಗೋಡೆಯ ಪಕ್ಕಕ್ಕೆ ಚುಚ್ಚಿಡಿ. ಗಾಳಿಯ ಉಷ್ಣಾಂಶಕ್ಕಿಂತ ಮಣ್ಣಿನದು ಮುಖ್ಯ. ದೊಡ್ಡ ಬಾಗಿಲಿನ ಹತ್ತಿರ ಇಡಬೇಡಿ, ಮನೆಗೆ ಅಂಟಿದ ಗೋಡೆಯ ಬದಿಗೆ ಸರಿಸಿ. ಎಲೆ ಉದುರಿದ ಗಿಡಕ್ಕೆ ಬೆಳಕು ಬೇಕಿಲ್ಲ. ಲ್ಯಾವೆಂಡರ್ ಎಲೆ ಉಳಿಸಿಕೊಳ್ಳುವ ಜಾತಿ, ಅದಕ್ಕೆ ಕಿಟಕಿಯ ಬದಿ ಕೊಡಿ. ಬಬಲ್ ರ‍್ಯಾಪ್ ಮನೆಯಲ್ಲಿದೆಯಲ್ಲ, ಅದನ್ನು ಇಲ್ಲಿ ಬಳಸಿ. ಗ್ಯಾರೇಜಿನಲ್ಲಿ ಚಳಿಯ ಏರಿಳಿತ ಕೆಲವೇ ಗಂಟೆಗಳದ್ದು, ಅದನ್ನು ಸಪಾಟು ಮಾಡಲು ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಟಿವಿಯಲ್ಲಿ ವಿಂಡ್ ಚಿಲ್ ಎಂದು ಹೇಳುವ ಭಯಂಕರ ಅಂಕಿಗೆ ಕುಂಡದ ಮಟ್ಟಿಗೆ ಹೆದರಬೇಡಿ. ಅದು ಮನುಷ್ಯನ ಚರ್ಮಕ್ಕೆ ಎಷ್ಟು ಚಳಿ ಅನ್ನಿಸುತ್ತದೆ ಎಂಬ ಲೆಕ್ಕ. ಗಾಳಿ ಬೀಸಿದರೆ ಕುಂಡ ಬೇಗ ತಣ್ಣಗಾಗುತ್ತದೆ ನಿಜ, ಆದರೆ ಗಾಳಿಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗಾಳಿಯ ನಿಜವಾದ ಹಾನಿ ಬೇರೆ: ಬಾಕ್ಸ್‌ವುಡ್‌ನಂಥ ನಿತ್ಯಹಸಿರು ಗಿಡದ ಎಲೆಯಿಂದ ನೀರು ಹೀರುತ್ತದೆ, ಹೆಪ್ಪುಗಟ್ಟಿದ ಮಣ್ಣಿನಿಂದ ಬೇರು ಅದನ್ನು ತುಂಬಿಕೊಡಲಾರದು. ಚಳಿಗಾಲದ ಕೊನೆಗೆ ಅಂಥ ಗಿಡ ಒಂದು ಮಗ್ಗುಲಿಗೆ ಮಾತ್ರ ಸುಟ್ಟಂತೆ ಕಾಣುವುದು ಇದರಿಂದ. ನಿತ್ಯಹಸಿರು ಗಿಡಗಳನ್ನು ಕುಂಡದಲ್ಲಿ ಬೆಳೆಸಲು ನಿಮ್ಮ ಊರಿನಲ್ಲಿ ನಾನು ಪ್ರೋತ್ಸಾಹ ಕೊಡುವುದಿಲ್ಲ.

ನೀರಿನ ಪ್ರಶ್ನೆಗೆ ಉತ್ತರ ಹೌದು, ಹಾಕಬೇಕು, ಮತ್ತು ಬಹಳ ಮಂದಿ ತಪ್ಪುವುದು ಇಲ್ಲೇ. ಒಣ ಮಣ್ಣು ಒದ್ದೆ ಮಣ್ಣಿಗಿಂತ ಬೇಗ, ಹೆಚ್ಚು ಆಳಕ್ಕೆ ತಣ್ಣಗಾಗುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಇಳಿಸಲು ಒಂದು ಕಿಲೋಕ್ಯಾಲೊರಿ ಶಾಖ ಹೊರಗೆ ಹೋದರೆ ಸಾಕು. ಅದೇ ನೀರು ಸೊನ್ನೆಯಲ್ಲಿ ಮಂಜುಗಡ್ಡೆಯಾಗಬೇಕಾದರೆ 80 ಕಿಲೋಕ್ಯಾಲೊರಿ ಬಿಟ್ಟುಕೊಡಬೇಕು. ಅಂದರೆ ಹದವಾಗಿ ನೆನೆದ ಕುಂಡ ಸೊನ್ನೆಯ ಹತ್ತಿರ ಬಂದು ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ, ಒಣ ಕುಂಡ ನಿಲ್ಲದೆ ಕೆಳಗಿಳಿಯುತ್ತದೆ. ದೊಡ್ಡ ಕುಂಡ ಬದುಕಿಸುವುದೂ, ಸಣ್ಣ ಕುಂಡ ಕೊಲ್ಲುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಆದ್ದರಿಂದ ಜಾಗ ಬದಲಿಸುವ ದಿನ ಅಡಿಯಿಂದ ನೀರು ಸೋರುವಷ್ಟು ಹಾಕಿ, ಪೂರ್ತಿ ಬಸಿಯಲು ಬಿಡಿ. ಗ್ಯಾರೇಜಿನಲ್ಲಿರುವವಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಬೆರಳು ಇಳಿಸಿ ನೋಡಿ. ಎರಡು ಅಂಗುಲ ಕೆಳಗೂ ಒಣಗಿದ್ದು, ಮಣ್ಣು ಹೆಪ್ಪುಗಟ್ಟಿಲ್ಲದಿದ್ದರೆ, ಒಂದೆರಡು ಲೋಟ ತಣ್ಣೀರು ಸಾಕು. ನೀರು ಹೊತ್ತು ತರುವ ಬದಲು ಒಂದು ಸಲಿಕೆ ಹಿಮವನ್ನು ಕುಂಡದ ಮೇಲೆ ಇಟ್ಟರೂ ಆಯಿತು, ಅದು ಕರಗಿದ ಹಾಗೆ ನಿಧಾನವಾಗಿ ಇಳಿಯುತ್ತದೆ. ಗ್ಯಾರೇಜಿನಲ್ಲಿ ಸತ್ತ ಗಿಡಗಳಲ್ಲಿ ಚಳಿಗೆ ಹೋದವುಗಳಿಗಿಂತ ನೀರಿಲ್ಲದೆ ಒಣಗಿ ಹೋದವನ್ನೇ ನಾನು ಹೆಚ್ಚು ನೋಡಿರುವುದು.

ಹೋಸ್ಟಾ ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನಿಂದ ಸಾಯುತ್ತದೆ. ಅದು ಜೋನ್ 3ಕ್ಕೂ ಜಗ್ಗದ ಗಿಡ. ನಿಮ್ಮದು ಹೋದದ್ದು ಬರೀ ಚಳಿಗೆ ಎಂದು ನನಗೆ ಅನ್ನಿಸುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕುಂಡದ ಮೇಲಿನ ಎರಡು ಅಂಗುಲ ಮಣ್ಣು ಕರಗುತ್ತದೆ, ಕೆಳಗೆ ಇನ್ನೂ ಕಲ್ಲಿನಂತೆ ಕಟ್ಟಿಕೊಂಡಿರುತ್ತದೆ. ಕರಗಿದ ನೀರು ಇಳಿಯಲು ದಾರಿಯಿಲ್ಲದೆ ಬುಡದ ಸುತ್ತ ನಿಂತು, ರಾತ್ರಿ ಮತ್ತೆ ಮಂಜುಗಡ್ಡೆಯಾಗುತ್ತದೆ. ನಾಲ್ಕೈದು ಸಲ ಹೀಗಾದರೆ ಮೊಳಕೆಯ ಮೊಗ್ಗುಗಳಿರುವ ಬುಡ ಕೊಳೆತು ಮೆತ್ತಗಾಗುತ್ತದೆ. ಬಬಲ್ ರ‍್ಯಾಪ್ ಕುಂಡದ ಅಡಿಯ ತೂತನ್ನೂ ಮುಚ್ಚಿದ್ದರೆ ನೀರು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ಹೋಸ್ಟಾ ಬೆಳೆಗಾರರ ಉಪಾಯ ಸುಲಭ: ಎಲೆ ಕತ್ತರಿಸಿ, ಕುಂಡವನ್ನು ನೆಲದ ಮೇಲೆ ಅಡ್ಡಲಾಗಿ ಮಲಗಿಸುವುದು. ನೀರು ಒಳಗೆ ಹೋಗುವುದೇ ಇಲ್ಲ. ಮಲಗಿಸಿ, ಎಲೆ ಮುಚ್ಚಿ, ಏಪ್ರಿಲ್‌ನಲ್ಲಿ ಎತ್ತಿ ನಿಲ್ಲಿಸಿ.

ಲ್ಯಾವೆಂಡರ್‌ಗೂ ಒದ್ದೆಯೇ ವೈರಿ. ಅದರ ಬುಡಕ್ಕೆ ಎಲೆ, ಹುಲ್ಲು ಏನನ್ನೂ ಮುಚ್ಚಬೇಡಿ. ಸಣ್ಣ ಜಲ್ಲಿ ಹರಡಿ. ಇಂಗ್ಲಿಷ್ ಲ್ಯಾವೆಂಡರ್ ಆದರೆ ಗ್ಯಾರೇಜಿನಲ್ಲಿ ಉಳಿಯುತ್ತದೆ, ಸ್ಪ್ಯಾನಿಷ್ ಜಾತಿಯಾದರೆ ನಿಮ್ಮ ಊರಿನಲ್ಲಿ ಅದನ್ನು ಒಂದು ವರ್ಷದ ಗಿಡ ಎಂದೇ ಎಣಿಸಿ. ಗುಲಾಬಿ ಕಸಿ ಕಟ್ಟಿದ್ದೋ ಸ್ವಂತ ಬೇರಿನದ್ದೋ ನೋಡಿ. ಕಸಿಯದಾದರೆ ಗಂಟು ಇರುವ ಜಾಗವನ್ನು ಪೂರ್ತಿ ಮಣ್ಣಿನಿಂದ ಮುಚ್ಚಬೇಕು, ಅಲ್ಲಿ ಸತ್ತರೆ ಕೆಳಗಿನ ಕಾಡು ಬೇರಿನಿಂದ ಬೇರೆಯೇ ಹೂವಿನ ಗಿಡ ಬರುತ್ತದೆ. ಮುಂದಿನ ಸಲ ಕೊಳ್ಳುವಾಗ ಸ್ವಂತ ಬೇರಿನ ಶ್ರಬ್ (ಪೊದೆ) ಗುಲಾಬಿಯನ್ನೇ ಕೇಳಿ ಕೊಳ್ಳಿ.

ಹೈಡ್ರೇಂಜಿಯದಲ್ಲಿ ಯಾವುದು ಎಂದು ನೀವು ಬರೆದಿಲ್ಲ, ಅದೇ ಮುಖ್ಯ. ನೀಲಿ, ಗುಲಾಬಿ ಬಣ್ಣದ ದೊಡ್ಡ ಚೆಂಡಿನ ಜಾತಿ ಹೆಚ್ಚಾಗಿ ಹಿಂದಿನ ವರ್ಷದ ಕಡ್ಡಿಯಲ್ಲಿ ಮೊಗ್ಗು ಇಟ್ಟುಕೊಂಡಿರುತ್ತದೆ. ಕಡ್ಡಿ ಚಳಿಗೆ ಸತ್ತರೆ ಗಿಡ ಬುಡದಿಂದ ಚಿಗುರುತ್ತದೆ, ಹೂವು ಮಾತ್ರ ಬರುವುದಿಲ್ಲ. ಅದಕ್ಕೆ ಗ್ಯಾರೇಜೇ ಗತಿ. ಬಿಳಿ ಹೂವಿನ ‘ಆ್ಯನಬೆಲ್’ ಆದರೆ ಆ ವರ್ಷದ ಹೊಸ ಕಡ್ಡಿಯಲ್ಲೇ ಹೂ ಬಿಡುತ್ತದೆ, ಜೋನ್ 3ರ ಚಳಿಯನ್ನೂ ತಾಳುತ್ತದೆ. ಅದು ನಿಮ್ಮ ರಾಜ್ಯದ್ದೇ ಗಿಡ, ಇಲಿನಾಯ್‌ನ ದಕ್ಷಿಣ ತುದಿಯ ಆ್ಯನಾ ಎಂಬ ಊರಿನ ಹತ್ತಿರ ಸಿಕ್ಕಿದ್ದು, ಹೆಸರೂ ಆ ಊರಿನಿಂದಲೇ. ಕುಂಡದಲ್ಲಿ ಹೈಡ್ರೇಂಜಿಯ ಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಸೀಡಮ್ ಈ ವರ್ಷವೂ ತನ್ನ ಪಾಡಿಗೆ ಇರಲಿ, ಅದಕ್ಕೆ ಶ್ರಮ ಪಡಬೇಡಿ.

ಕುಂಡದ ಬಗ್ಗೆ ಎರಡು ಮಾತು. ಸುಟ್ಟ ಮಣ್ಣಿನ ಕುಂಡ ನೀರು ಹೀರುತ್ತದೆ, ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕುಂಡದ ಪದರು ಸೀಳಿ ಉದುರುತ್ತದೆ. ಹೊಳಪು ಕೊಟ್ಟ ಪಿಂಗಾಣಿಯೂ ಇದಕ್ಕೆ ಹೊರತಲ್ಲ. ಅವುಗಳಲ್ಲಿರುವ ಗಿಡವನ್ನು ಅಕ್ಟೋಬರ್‌ನಲ್ಲೇ ಪ್ಲಾಸ್ಟಿಕ್‌ಗೆ ಬದಲಿಸಿ, ಖಾಲಿ ಕುಂಡ ಒಣಗಿಸಿ ಬೋರಲು ಇಡಿ. ಇನ್ನೂ ಸುಲಭವೆಂದರೆ ಬೇಸಿಗೆಯಲ್ಲೇ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆಸಿ, ಅದನ್ನು ಅಂದದ ಕುಂಡದೊಳಗೆ ಇಳಿಸಿಡುವುದು. ಚಳಿಗಾಲ ಬಂದಾಗ ಎತ್ತಿದರೆ ಮುಗಿಯಿತು.

ವಸಂತದಲ್ಲಿ ಅವಸರ ಬೇಡ. ಮಾರ್ಚ್‌ನಲ್ಲಿ ಒಂದು ವಾರ 15 ಡಿಗ್ರಿ ಬಂದ ಕೂಡಲೇ ಎಲ್ಲವನ್ನೂ ಹೊರಗೆ ತಂದರೆ ಏಪ್ರಿಲ್‌ನ ಫ್ರಾಸ್ಟ್ ಚಿಗುರನ್ನು ಸುಡುತ್ತದೆ. ನೆಲದಲ್ಲಿರುವ ಅದೇ ಜಾತಿಯ ಗಿಡಗಳನ್ನು ಗಮನಿಸುತ್ತಿರಿ, ಅವು ಮೊಗ್ಗು ಒಡೆದಾಗ ನಿಮ್ಮವನ್ನು ಹೊರಗಿಡಿ. ಹೊದಿಕೆಯನ್ನೂ ಒಂದೇ ದಿನ ಕಿತ್ತುಹಾಕದೆ ವಾರದಲ್ಲಿ ಎರಡು ಮೂರು ಕಂತಿನಲ್ಲಿ ತೆಗೆಯಿರಿ. ಗ್ಯಾರೇಜಿನ ಗಿಡಕ್ಕೆ ಮೊದಲ ವಾರ ನೆರಳು. ಉಗುರಿನಿಂದ ಕಡ್ಡಿಯ ಸಿಪ್ಪೆ ಕೆರೆದು ಕೆಳಗೆ ಹಸಿರು ಇದೆಯೇ ನೋಡಿ. ಆದರೆ ಹಸಿರು ಕಂಡರೂ ಬೇರು ಸತ್ತಿರಬಹುದು ಎಂಬುದನ್ನು ನಿಮ್ಮ ಗುಲಾಬಿಯೇ ತೋರಿಸಿದೆ, ಹಾಗಾಗಿ ಅನುಮಾನವಿದ್ದರೆ ಹೆಂಟೆ ತೆಗೆದು ನೋಡುವುದೇ ಸರಿ. ಬೇರು ಅರ್ಧ ಉಳಿದಿದ್ದರೆ ಮೇಲಿನ ಕಡ್ಡಿಯನ್ನೂ ಅರ್ಧಕ್ಕೆ ಸವರಿ, ಹೊಸ ಮಣ್ಣಿಗೆ ಹಾಕಿ, ನೆರಳಿನಲ್ಲಿಡಿ. ಹೊಸ ಬೇರು ಬರುವವರೆಗೆ ಗೊಬ್ಬರ ಬೇಡ. ಏನೂ ಕಾಣದಿದ್ದರೂ ಜೂನ್ ಮೊದಲ ವಾರದ ತನಕ ಕುಂಡ ಬಿಸಾಡಬೇಡಿ. ಹೋಸ್ಟಾ ನಿಮ್ಮ ಕಡೆ ಮೇ ತಿಂಗಳಲ್ಲಿ ಏಳುವುದೂ ಉಂಟು.

ಕೊನೆಗೆ ಮಲ್ಲಿಗೆ, ಕರಿಬೇವು. ಇವನ್ನು ಗ್ಯಾರೇಜಿಗೆ ಸೇರಿಸಬೇಡಿ. ಊರಿನಲ್ಲಿ ವರ್ಷಾನುಗಟ್ಟಲೆ ಬಾಳುವ ಗಿಡಗಳೇ ಆದರೂ ಇವುಗಳಿಗೆ ಹೆಪ್ಪುಗಟ್ಟುವ ಚಳಿ ಗೊತ್ತಿಲ್ಲ, ಒಂದು ಫ್ರಾಸ್ಟ್ ಸಾಕು ಮುಗಿಸಲು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗ, ಅಂದರೆ ಸೆಪ್ಟೆಂಬರ್ ಕೊನೆಗೇ, ಎಲೆಯ ಅಡಿಭಾಗ ತೊಳೆದು ಒಳಗೆ ತನ್ನಿ. ದಕ್ಷಿಣದ ಕಿಟಕಿ ಕೊಡಿ, ಹೀಟರ್‌ನ ಗಾಳಿಯ ಬಾಯಿಂದ ದೂರವಿಡಿ. ಬಿಸಿಗಾಳಿಯ ಒಣ ಕೋಣೆಯಲ್ಲಿ ಮಲ್ಲಿಗೆಗೆ ಕೆಂಪು ನುಸಿ ಬರುವುದು ಹೆಚ್ಚು, ವಾರಕ್ಕೊಮ್ಮೆ ಎಲೆಯ ಕೆಳಗೆ ನೀರು ಚಿಮುಕಿಸಿ ಒರೆಸಿ. ಜನವರಿಯಲ್ಲಿ ಕರಿಬೇವು ಎಲೆ ಹಳದಿಯಾಗಿ ಉದುರಿಸಿದರೆ ಗಾಬರಿಯಾಗಬೇಡಿ, ಬೆಳಕು ಸಾಲದೆ ಅದು ವಿಶ್ರಾಂತಿಗೆ ಇಳಿದಿದೆ. ಆ ಹೊತ್ತಿನಲ್ಲಿ ಪಾಪ ಎಂದು ನೀರು ಹೆಚ್ಚು ಹಾಕಿದವರು ಗಿಡ ಕಳೆದುಕೊಳ್ಳುತ್ತಾರೆ. ಮೇಲಿನ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ಸ್ವಲ್ಪ ನೀರು, ಗೊಬ್ಬರ ಸುತರಾಂ ಬೇಡ. ಮಾರ್ಚ್ ಹೊತ್ತಿಗೆ ಬೆಳಕು ಹೆಚ್ಚಿದಾಗ ತುದಿ ಚಿವುಟಿ, ಚಿಗುರು ಕಂಡ ಮೇಲೆ ಗೊಬ್ಬರ ಆರಂಭಿಸಿ. ಮೇ ಕೊನೆಯಲ್ಲಿ ರಾತ್ರಿ 10 ಡಿಗ್ರಿಗಿಂತ ಮೇಲೆ ನಿಂತ ನಂತರ ಎರಡನ್ನೂ ಹೊರಗೆ ತಂದು, ಮೊದಲ ಹತ್ತು ದಿನ ನೆರಳಿನಲ್ಲಿಟ್ಟು, ಆಮೇಲೆ ಬಿಸಿಲಿಗೆ ಸರಿಸಿ.